ಗುಳ್ಳೆ ಕಾಯುವ ಕೆಲಸ

"ಮತ್ತೆ ಉಸಿರು ಕಟ್ಟಿದೆಯಲ್ಲೇ!"

ಈಜುಕೊಳದ ನೀರಿನಿಂದ ತಲೆ ಹೊರಗಿಟ್ಟ ಕೂಡಲೇ ಅವಳ ಕಿವಿಗೆ ಬಿದ್ದದ್ದು ಈ ಮಾತು. ದೊಡ್ಡಕ್ಕ ಅವಳ ಜಾಕೆಟ್ಟಿನ ಪಟ್ಟಿಯನ್ನು ಇನ್ನೂ ಕೈಬಿಟ್ಟಿರಲಿಲ್ಲ. ಕೊಳದ ತಳದಲ್ಲಿ ಈ ಗೋಡೆಯಿಂದ ಆ ಗೋಡೆಯವರೆಗೆ, ಬಾಯಲ್ಲಿ ಕೊಳವೆ ಕಚ್ಚಿಕೊಂಡು, ‘ಆ’ ಎಂದು ದನಿ ತೆಗೆಯುತ್ತ, ಒಂದೇ ಉಸಿರನ್ನು ಸಣ್ಣಗೆ ಬಿಡುತ್ತ ಹೋಗಬೇಕಿತ್ತು. ನಟ್ಟನಡುವೆ ಬರುವಷ್ಟರಲ್ಲಿ ಅವಳ ದನಿ ನಿಂತಿತ್ತು, ಗುಳ್ಳೆಗಳೂ ನಿಂತಿದ್ದವು. ಉಳಿದ ದಾರಿಯನ್ನು ಅವಳು ತುಟಿ ಬಿಗಿದುಕೊಂಡು, ಆದರೆ ಎಲ್ಲರಿಗಿಂತ ಚುರುಕಾಗಿ, ಈಜಿ ಮುಗಿಸಿದ್ದಳು.

"ನಾನು ಕಟ್ಟಲಿಲ್ಲ ದೊಡ್ಡಕ್ಕಾ. ಅದೇ ಕಟ್ಕೊಂಡ್‌ಬಿಡ್ತು."

"ತಾನಾಗಿ ಕಟ್ಟೋಕೆ ಅದೇನು ಮೋಡ ಅಂದ್ಕೊಂಡ್ಯಾ?"

ಕೊಳದ ಮೆಟ್ಟಿಲ ಮೇಲೆ ಕುಳಿತು ಕಾಲಾಡಿಸುತ್ತಿದ್ದ ಸಹಪಾಠಿ ಕಂಡಕ್ಟರನಿಗೆ ಇಷ್ಟು ಸಾಕಾಯಿತು. "ಬಾಗ್ಲು ಹಾಕ್ಕೊಂಡ್ರೆ ಉಸಿರು ಇಳಿಯೋದೆಲ್ಲಿ? ನಮ್ಮ ಬಸ್ಸಲ್ಲಾಗಿದ್ರೆ ಜನ ಗಾಜು ಒಡೀತಿದ್ರು."

"ನೀನು ಸುಮ್ನಿರು. ಮೊದ್ಲು ಆ ಹೆಬ್ಬೆರಳು ಮಡಚೋದು ಕಲಿ."

ಎಲ್ಲರೂ ನಕ್ಕರು. ಕಂಡಕ್ಟರನೂ ನಕ್ಕ. ವರ್ಷಗಟ್ಟಲೆ ಬಸ್ಸಿನ ಫುಟ್‌ಬೋರ್ಡಿನ ಮೇಲೆ ನಿಂತು ‘ರೈಟ್’ ಎಂದು ಹೆಬ್ಬೆರಳೆತ್ತಿ ಅಭ್ಯಾಸವಾದವನು ಅವನು. ನೀರೊಳಗಿನ ಭಾಷೆಯಲ್ಲಿ ಹೆಬ್ಬೆರಳೆತ್ತಿದರೆ ‘ನನ್ನನ್ನು ಮೇಲೆ ಕರೆದುಕೊಂಡು ಹೋಗಿ’ ಎಂದರ್ಥ. ಎಲ್ಲ ಸರಿಯಿದೆ ಎನ್ನಲು ಬೆರಳು ಸುತ್ತಿ ಉಂಗುರ ಮಾಡಬೇಕು. ದೊಡ್ಡಕ್ಕ ತಳದಲ್ಲಿ ‘ಸರಿಯಿದ್ದೀಯಾ’ ಎಂದು ಕೇಳಿದಾಗಲೆಲ್ಲ ಅವನು ಉತ್ಸಾಹದಿಂದ ಹೆಬ್ಬೆರಳೆತ್ತುತ್ತಿದ್ದ, ದೊಡ್ಡಕ್ಕ ಅವನ ರಟ್ಟೆ ಹಿಡಿದು ಮೇಲಕ್ಕೆ ತರುತ್ತಿದ್ದಳು. ಆದರೆ ಅವನ ತಪ್ಪು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿತ್ತು. ಅವಳದು ಇದ್ದಲ್ಲೇ ಇತ್ತು.

ದೊಡ್ಡಕ್ಕ ಈ ಡೈವಿಂಗ್ ಶಾಲೆಯ ಹಿರಿಯ ಶಿಕ್ಷಕಿ. ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವರೂ ಅವಳನ್ನು ಹಾಗೆಯೇ ಕರೆಯುತ್ತಿದ್ದರು. ನೆಲದ ಮೇಲೆ ಹೇರು ತುಂಬಿದ ಗಾಡಿಯಂತೆ ತೂಗಾಡುತ್ತ ನಡೆಯುವವಳು ನೀರಿಗಿಳಿದರೆ ಮಜ್ಜಿಗೆಯ ಮೇಲಿನ ಬೆಣ್ಣೆಯಷ್ಟು ಹಗುರವಾಗುತ್ತಿದ್ದಳು. ಅಲ್ಲಿ ಕಲಿತು ಮುಗಿಸಿದವರಿಗೆ ಶಾಲೆಯ ದೋಣಿಗಳಲ್ಲೇ ಕೆಲಸ: ಪ್ರವಾಸಿಗರನ್ನು ಕೈಹಿಡಿದು ಸಮುದ್ರದೊಳಗೆ ಕರೆದೊಯ್ದು, ಹವಳದ ಬಂಡೆ, ಮೀನಿನ ಹಿಂಡು ತೋರಿಸಿ, ಹಲ್ಲು ಕಿಸಿಯುವಂತೆ ಮಾಡಿ ಹಿಂದಕ್ಕೆ ತಂದುಬಿಡುವುದು. ಕಲಿಯಬೇಕಾದ ಉಳಿದದ್ದನ್ನೆಲ್ಲ ಈ ಹುಡುಗಿ ನೀರು ಕುಡಿದಷ್ಟು ಸಲೀಸಾಗಿ ಕಲಿತಿದ್ದಳು. ಕಣ್ಣಿನ ಗಾಜಿನೊಳಗೆ ನುಗ್ಗಿದ ನೀರನ್ನು ಮೂಗಿನಿಂದ ಊದಿ ಹೊರಹಾಕುವುದು, ಹೆದರಿ ಒದ್ದಾಡುವವರನ್ನು ಹಿಂದಿನಿಂದ ಹಿಡಿಯುವುದು, ಮೇಲೂ ಹೋಗದೆ ಕೆಳಗೂ ಇಳಿಯದೆ ನೀರಿನ ನಡುವೆ ತೂಗುಬಿಟ್ಟ ದೀಪದಂತೆ ನಿಲ್ಲುವುದು. ಉಳಿದದ್ದು ಈ ಒಂದು: ಆಳದಲ್ಲಿ ಗಾಳಿ ಮುಗಿದರೆ ಕೊನೆಯ ಉಸಿರೊಂದನ್ನೇ ನಂಬಿ, ಅದನ್ನು ಬಿಡುತ್ತ ಬಿಡುತ್ತ ಮೇಲೆ ಬರುವುದು. ಸಮುದ್ರದಲ್ಲಿ ಅದರ ಪರೀಕ್ಷೆಯಾದಾಗ ಅವಳು ಅರ್ಧ ದಾರಿಗೆ ಬಾಯಿ ಬಿಗಿದಿದ್ದಳು. ದೊಡ್ಡಕ್ಕ ಅವಳನ್ನು ಅಲ್ಲೇ ಹಿಡಿದು ನಿಲ್ಲಿಸಿ, ಹೊಟ್ಟೆಗೆ ಗುದ್ದಿ ಉಸಿರು ಬಿಡಿಸಿ ಮೇಲೆ ತಂದಿದ್ದಳು.

"ನಾಳೆ ಇನ್ನೊಂದ್ಸಲ ನೋಡ್ತೀನಿ ಕಪ್ಪೆ," ಎಂದಳು ದೊಡ್ಡಕ್ಕ ಈಗ, ತಲೆ ಒರೆಸಿಕೊಳ್ಳುತ್ತ. ದನಿಯಲ್ಲಿ ಸಿಟ್ಟಿರಲಿಲ್ಲ; ಅದೇ ಅವಳಿಗೆ ಹೆಚ್ಚು ಅಂಜಿಕೆ ತಂದಿತು. "ಆಗ್ಲಿಲ್ಲ ಅಂದ್ರೆ ನಾನು ಜನರನ್ನ ನಿನ್ನ ಕೈಗೆ ಕೊಡೋಕಾಗಲ್ಲ. ಮುಂದಿನ ವರ್ಷ ನೋಡೋಣ. ಬೇಜಾರು ಮಾಡ್ಕೋಬೇಡ."

ಕಪ್ಪೆ ಎಂಬುದು ಮೊದಲ ದಿನವೇ ಅಂಟಿದ ಹೆಸರು. ಯಾರು ಯಾರು ಎಲ್ಲೆಲ್ಲಿ ಈಜು ಕಲಿತಿರಿ ಎಂದು ದೊಡ್ಡಕ್ಕ ಕೇಳಿದಾಗ ಒಬ್ಬ ಸಮುದ್ರದಲ್ಲಿ ಎಂದಿದ್ದ, ಕಂಡಕ್ಟರ್ ಹೊಳೆಯಲ್ಲಿ ಎಂದಿದ್ದ, ಇನ್ನೊಬ್ಬಳು ಹೋಟೆಲಿನ ಕೊಳದಲ್ಲಿ ಎಂದಿದ್ದಳು. ಅವಳು, "ಬಾವಿಯಲ್ಲಿ," ಎಂದಿದ್ದಳು. "ಹಾಗನ್ನಿ! ಬಾವಿ ಕಪ್ಪೆ ಸಮುದ್ರ ನೋಡೋಕೆ ಬಂದಿದೆ!" ಎಂದ ಕಂಡಕ್ಟರನ ಮಾತಿಗೆ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಕಾಲಿಗೆ ತೊಡುವ ರಬ್ಬರಿನ ರೆಕ್ಕೆಗಳಿಗೆ ಅವಳು ‘ಕಪ್ಪೆಗಾಲು’ ಎಂದು ಹೆಸರಿಟ್ಟಳು. ವಾರ ಕಳೆಯುವಷ್ಟರಲ್ಲಿ ದೊಡ್ಡಕ್ಕನೂ, "ಯಾರದಪ್ಪಾ ಇದು ದಾರೀಲಿ ಬಿದ್ದಿರೋ ಕಪ್ಪೆಗಾಲು?" ಎಂದು ಕೂಗುವಂತಾಯಿತು.

ಬಾವಿ ಎಂದು ಅವಳು ಸುಮ್ಮನೆ ಹೇಳಿರಲಿಲ್ಲ. ಅವಳ ಅಪ್ಪ ಬಾವಿಗೆ ಇಳಿಯುವವನು. ಸುತ್ತಿನ ಯಾವ ಮನೆಯ ಬಾವಿಗೆ ಕೊಡ ಬಿದ್ದರೂ, ಬಿಂದಿಗೆ ಜಾರಿದರೂ, ಮೂಗುತಿ ಕಳಚಿದರೂ ಮೊದಲು ಪಾತಾಳಗರಡಿ ಇಳಿಬಿಡುತ್ತಿದ್ದರು. ಹತ್ತಾರು ಕೊಕ್ಕೆಗಳ ಆ ಕಬ್ಬಿಣದ ಗೊಂಚಲು ತಳವನ್ನೆಲ್ಲ ಕೆದಕಿ ಬರಿಗೈಲಿ ಬಂದಾಗ ಅಪ್ಪನಿಗೆ ಕರೆ ಬರುತ್ತಿತ್ತು. "ಗರಡಿಗೆ ಕೈಯುಂಟು, ಕಣ್ಣಿಲ್ಲ," ಎನ್ನುತ್ತ ಅಪ್ಪ ಅಂಗಿ ಕಳಚಿ ಮಡಿಸಿ ಕಟ್ಟೆಯ ಮೇಲಿಡುತ್ತಿದ್ದ. ಸೊಂಟಕ್ಕೆ ಹಗ್ಗ. ಹಗ್ಗದ ಇನ್ನೊಂದು ತುದಿ ಆ ಮನೆಯ ಗಂಡಸರ ಕೈಯಲ್ಲಿ. ಅಪ್ಪ ಬಾವಿಯೊಳಗಿನ ಕಲ್ಲಿನ ಮೆಟ್ಟಿಲುಗಳಲ್ಲಿ ಇಳಿದು, ನೀರಿನ ಅಂಚಿನಲ್ಲಿ ನಿಂತು, ಎದೆ ತುಂಬ ಉಸಿರೆಳೆದುಕೊಂಡು, ಸದ್ದಿಲ್ಲದೆ ಮುಳುಗುತ್ತಿದ್ದ.

ಅವನ ಹಿಂದೆ ಹೋಗುವುದು ಅವ್ವ ಮತ್ತು ಅವಳು. ಇಬ್ಬರಿಗೂ ಒಂದೊಂದು ಕೆಲಸ. ಅವಳದು ಗುಳ್ಳೆ ಕಾಯುವುದು.

ಬಾವಿಕಟ್ಟೆಯ ಮೇಲೆ ಬೋರಲು ಮಲಗಿ, ಅಂಗೈಗಳ ಮೇಲೆ ಗದ್ದವೂರಿ, ಕೆಳಗಿನ ಕಪ್ಪು ನೀರನ್ನು ರೆಪ್ಪೆ ಬಡಿಯದೆ ನೋಡುತ್ತಿರಬೇಕು. ಕಲ್ಲು ಹೊಟ್ಟೆಗೆ ತಣ್ಣಗೆ ಹತ್ತುತ್ತಿತ್ತು. ಒಳಗಿನಿಂದ ಪಾಚಿಯ ವಾಸನೆ ಬರುತ್ತಿತ್ತು. ನೀರು ಕನ್ನಡಿಯಂತಿದ್ದರೆ ಅಪ್ಪ ಚೆನ್ನಾಗಿದ್ದಾನೆ. ಗುಳ್ಳೆ ಎದ್ದರೆ ಉಸಿರು ಕೈಬಿಟ್ಟಿತು ಎಂದರ್ಥ, ಕೂಗಬೇಕು. "ಉಸಿರು ಅಂದ್ರೆ ಗುಟ್ಟಿದ್ದ ಹಾಗೆ ಕೂಸೇ. ನೀರಿಗೆ ಹೇಳ್ಬಾರ್ದು," ಎಂದು ಅಪ್ಪ ಹೇಳಿಕೊಟ್ಟಿದ್ದ. ಮುಂದೆ ಅವಳಿಗೆ ಮುಳುಗುವುದನ್ನು ಕಲಿಸಿದಾಗಲೂ ಅದೇ ಪಾಠ. ಗುಳ್ಳೆ ಬಿಟ್ಟರೆ ಆ ದಿನ ಮತ್ತೆ ಮುಳುಗುವಂತಿಲ್ಲ.

ಒಮ್ಮೆ ಗುಳ್ಳೆ ಎದ್ದಿತ್ತು. ಕನ್ನಡಿಯಂಥ ನೀರಿನ ನಡುವೆ ಮೊದಲು ಒಂದು, ಆಮೇಲೆ ಗೊಂಚಲು ಗೊಂಚಲು. ಅವಳು ಚೀರಿದ್ದಳು. ಗಂಡಸರು ಹಗ್ಗ ಎಳೆದರು. ಯಾವ ಕಾಲದ್ದೋ ಹಳೇ ಹಗ್ಗವೊಂದು ಅಪ್ಪನ ಕಾಲಿಗೆ ಸುತ್ತಿಕೊಂಡಿತ್ತು. ಎಳೆದ ರಭಸಕ್ಕೆ ಅದು ಹರಿದು, ಪಾದದ ಚರ್ಮ ಕಿತ್ತು, ಅಪ್ಪ ಮೇಲೆ ಬಂದ. ಕಟ್ಟೆಯ ಮೇಲೆ ಮಲಗಿ ನೀರು ಕಕ್ಕಿ, ಕಣ್ಣು ಬಿಟ್ಟು, ಮೊದಲು ಅವಳ ತಲೆ ಮೇಲೆ ಕೈಯಿಟ್ಟ. ಅವತ್ತಿನಿಂದ ಅವನು ಯಾರ ಮನೆಗೆ ಹೋದರೂ ಹೇಳುತ್ತಿದ್ದ: "ಇವಳು ಗುಳ್ಳೆ ನೋಡಿದ್ದಕ್ಕೆ ನಾನಿದ್ದೀನಿ."

ಅದೆಲ್ಲ ಈಗ ಎಲ್ಲಿ? ಬಾವಿಗಳ ಬಾಯಿಗೆ ಸಿಮೆಂಟಿನ ಹಲಗೆ ಬಿತ್ತು. ಒಳಗೆ ಮೋಟಾರು ಕುಳಿತಿತು. ಕೊಡಗಳು ನಲ್ಲಿಯ ಕೆಳಗೆ ಬಂದವು, ಬೀಳುವ ಪ್ರಮೇಯವೇ ಇಲ್ಲವಾಯಿತು. ಪಾತಾಳಗರಡಿಯನ್ನು ಯಾರೋ ಹಳೇ ಕಬ್ಬಿಣದವನಿಗೆ ಹಾಕಿದರು. ಅಪ್ಪನಿಗೆ ಊರ ನಲ್ಲಿಗಳಿಗೆ ನೀರು ಬಿಡುವ ಕೆಲಸ ಸಿಕ್ಕಿತು. ಉದ್ದನೆಯ ಕಬ್ಬಿಣದ ಕೀಲಿ ಹೆಗಲಿಗಿಟ್ಟುಕೊಂಡು ಬೀದಿ ಬೀದಿ ತಿರುಗಿ ಗುಂಡಿಗಳಲ್ಲಿ ತಿರುಪು ತಿರುಗಿಸುವುದು. "ನೀರು ಮುಟ್ಟದೆ ನೀರಿನ ಕೆಲಸ," ಎಂದು ಅವನು ನಗುತ್ತಿದ್ದ. ಅವ್ವ ತೀರಿಕೊಂಡ ಮೇಲೆ ಆ ನಗುವೂ ಕಡಿಮೆಯಾಯಿತು. ಅವಳು ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳು ಕೆದರಿ ಹೋದದ್ದನ್ನು ಮತ್ತೆ ಮತ್ತೆ ಮಡಿಸುತ್ತ ನಿಂತಿದ್ದಾಗ ಈ ಶಾಲೆಯ ಸುದ್ದಿ ಬಂದಿತ್ತು. ನೀರಿಗಿಳಿಯುವವರು ಬೇಕಂತೆ ಎಂದು ಹೇಳಿದ್ದು ಅಪ್ಪನೇ. ಹೇಳುವಾಗ ಅವನ ಮುಖದಲ್ಲಿ ಕಂಡದ್ದನ್ನು ಅವಳು ಬಹಳ ದಿನದಿಂದ ಕಂಡಿರಲಿಲ್ಲ.

ಆದ್ದರಿಂದಲೇ ಅವಳು ಫೋನಿನಲ್ಲಿ, "ಎಲ್ಲ ಚೆನ್ನಾಗಿ ನಡೀತಿದೆ ಅಪ್ಪಾ. ನಾಳೆ ಕೊನೇ ಪರೀಕ್ಷೆ," ಎಂದಷ್ಟೇ ಹೇಳಿ ಇಟ್ಟುಬಿಟ್ಟಳು.

ಆ ದಿನ ಸಂಜೆ ಶಾಲೆಯ ಹಿತ್ತಿಲಲ್ಲಿ ಸಿಲಿಂಡರುಗಳನ್ನು ತೊಳೆದು ಸಾಲಾಗಿ ನಿಲ್ಲಿಸುತ್ತಿದ್ದಾಗ ದೊಡ್ಡಕ್ಕ ಹತ್ತಿರ ಬಂದು ಕುಳಿತಳು.

"ಒಲೆ ಮೇಲೆ ಹಾಲಿಟ್ಟು ಮುಚ್ಚಳ ಬಿಗಿದ್ರೆ ಏನಾಗುತ್ತೆ?"

"ಉಕ್ಕುತ್ತೆ."

"ಉಕ್ಕೋಕೂ ಜಾಗ ಇಲ್ದಿದ್ರೆ?"

ಅವಳು ತೊಳೆದ ಸಿಲಿಂಡರೊಂದನ್ನು ಸಾಲಿಗೆ ಸರಿಸಿದಳು.

"ನಿಮ್ಮಪ್ಪ ಕಲಿಸಿದ್ದು ತಪ್ಪಲ್ಲ ಕಣೇ. ಬಾವಿಗೆ ನೀವು ಉಸಿರನ್ನ ಮೇಲಿಂದ ಒಯ್ತಿದ್ರಿ. ಆಳಕ್ಕೆ ಹೋದ ಹಾಗೆ ಅದು ಮುದುಡ್ಕೊಳ್ಳುತ್ತೆ, ಮೇಲೆ ಬಂದಾಗ ಮತ್ತೆ ಇದ್ದಷ್ಟೇ ಆಗುತ್ತೆ. ತವರಿಗೆ ಹೋಗಿ ಬಂದ ಹಾಗೆ. ಇಲ್ಲಿ ಹಾಗಲ್ಲ. ತಳದಲ್ಲೇ ನಿಂತು ಎದೆ ತುಂಬಿಸ್ಕೊಳ್ತೀಯ. ಆ ಗಾಳಿ ಮೇಲೆ ಬರ್ತಾ ಬರ್ತಾ ಉಬ್ಬುತ್ತೆ. ಬಿಡ್ತಾ ಬಂದ್ರೆ ಮುಗೀತು. ಬಿಗಿದ್ರೆ ಎದೆ ಹರಿಯುತ್ತೆ. ನೀನು ಬಿಗಿದ್ರೆ, ನಿನ್ನ ನೋಡಿ ನಿನ್ನ ಕೈಹಿಡಿದವ್ರೂ ಬಿಗೀತಾರೆ."

"ಗೊತ್ತು ದೊಡ್ಡಕ್ಕಾ. ತಲೆಗೆಲ್ಲ ಗೊತ್ತು."

"ಹಾಗಾದ್ರೆ?"

ಅವಳು ಒದ್ದೆ ಕೈಯನ್ನು ಗಂಟಲ ಮೇಲಿಟ್ಟುಕೊಂಡಳು. "ಇದಕ್ಕೆ ಗೊತ್ತಿಲ್ಲ."

ಮರುದಿನ ಬೆಳಿಗ್ಗೆ ಅವಳು ಜೆಟ್ಟಿಯ ಕಡೆ ಸಾಮಾನು ಹೊತ್ತು ಬರುತ್ತಿದ್ದಾಗ, ಟಿಕೆಟ್ ಕೊಡುವ ಗೂಡಿನ ನೆರಳಲ್ಲಿ ಅಪ್ಪ ನಿಂತಿದ್ದ. ಮೊದಲ ಬಸ್ಸಿಗೇ ಹೊರಟು ಬಂದಿರಬೇಕು. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಕೈಯಲ್ಲಿ ಚೀಲ. ಮದುವೆಮನೆಗೆ ಬಂದವನ ಹಾಗೆ ಕಾಣುತ್ತಿದ್ದ.

"ಅಪ್ಪಾ! ನೀನು..."

"ಪರೀಕ್ಷೆ ಅಂದ್ಯಲ್ಲ. ಶಾಲೆಗೆ ಸೇರ್ಸೋಕೆ ಬರೋ ಅಪ್ಪ ಪರೀಕ್ಷೆಗೆ ಬರಬಾರ್ದಾ?" ಎಂದವನು ಅವಳ ಮೈಗಂಟಿದ ಕಪ್ಪು ರಬ್ಬರಿನ ಉಡುಪನ್ನೂ ಬೆನ್ನ ಮೇಲಿನ ಸಿಲಿಂಡರನ್ನೂ ಮೇಲಿಂದ ಕೆಳಗೆ ನೋಡಿದ. "ಏನು ಕೂಸೇ ಇದು, ಗ್ಯಾಸಿನ ಅಂಗಡಿ ಹೊತ್ಕೊಂಡ ಹಾಗೆ?"

ಅವನು ತಂದ ಚೀಲದಲ್ಲಿ ಹಿತ್ತಿಲ ಸೀಬೆಹಣ್ಣು ಇದ್ದವು. ಕಂಡಕ್ಟರ್ ಎರಡು ಹಣ್ಣು ಕೈಗೆತ್ತಿಕೊಂಡು, "ಯಜಮಾನ್ರೇ, ಒಳಗೆ ಬನ್ನಿ, ಮುಂದೆ ಬನ್ನಿ, ದೋಣಿ ಖಾಲಿ ಇದೆ," ಎಂದು ಅವನ ರಟ್ಟೆ ಹಿಡಿದು ದೋಣಿ ಹತ್ತಿಸಿಯೇಬಿಟ್ಟ. ದೊಡ್ಡಕ್ಕ ಬೇಡ ಎನ್ನುತ್ತಾಳೇನೋ ಎಂದು ಅವಳು ನೋಡಿದಳು. ದೊಡ್ಡಕ್ಕ ಅಪ್ಪನಿಗೆ ಕೈಮುಗಿದು, ತಾನೂ ಒಂದು ಹಣ್ಣು ತೆಗೆದುಕೊಂಡಳು.

ದೋಣಿ ಹೊರಟಿತು. ಅಪ್ಪ ಅಂಚಿನ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದ. ಜೀವಮಾನವೆಲ್ಲ ನೀರಿನಲ್ಲಿ ಕಳೆದವನಿಗೆ ಗೋಡೆಯಿಲ್ಲದ ನೀರು ಹೊಸದು. ಒಂದು ಸಲ ಬಗ್ಗಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡು ಮುಖ ಕಿವುಚಿದ.

"ಇದ್ರೊಳಗೆ ಏನು ಬಿದ್ದಿರುತ್ತೆ ತೆಗೆಯೋಕೆ?"

"ಏನೂ ತೆಗೆಯಲ್ಲ ಅಪ್ಪಾ. ಮೀನು ತೋರಿಸೋದು."

"ಹಿಡಿಯೋದಿಲ್ವಾ?"

"ಇಲ್ಲ. ಮುಟ್ಟೋದೂ ಇಲ್ಲ. ಬರೀ ತೋರಿಸೋದು."

ಅಪ್ಪ ಬಗ್ಗಿ ನೀರೊಳಗೆ ಇಣುಕಿದ. "ಮೀನಿಗಾದ್ರೂ ಹೇಳಿದ್ದೀರಾ, ಜನ ನೋಡೋಕೆ ಬರ್ತಾರೆ ಅಂತ?"

ಚುಕ್ಕಾಣಿ ಹಿಡಿದಿದ್ದ ದೋಣಿಯಣ್ಣ ಹೋ ಎಂದು ನಕ್ಕ. ಬಿಸಿಲಿಗೆ ಮುಖ ಸುಟ್ಟು ಕರಕಾದ, ಮಾತು ಕಡಿಮೆಯ ಮನುಷ್ಯ ಅವನು. ಬಂಡೆಗಳ ಹತ್ತಿರ ಎಂಜಿನ್ ನಿಲ್ಲಿಸಿ, ಲಂಗರು ಇಳಿಸಿ, ಅಪ್ಪನ ಪಕ್ಕ ಬಂದು ಕುಳಿತ.

"ಇನ್ನು ನಂಗೆ ಒಂದೇ ಕೆಲಸ ಯಜಮಾನ್ರೇ. ಗುಳ್ಳೆ ಕಾಯೋದು."

ಅಪ್ಪ ಥಟ್ಟನೆ ತಿರುಗಿದ. "ಗುಳ್ಳೆಯಾ? ನಮ್ಮಲ್ಲಿ ಅದು ಇವಳ ಕೆಲಸ ಆಗಿತ್ತು. ಬರದಿರಲಿ ಅಂತ ಕಾಯ್ತಾ ಮಲಗಿರ್ತಿದ್ಲು."

"ನಾನು ಬರ್ತಿರಲಿ ಅಂತ ಕಾಯ್ತೀನಿ."

ಅಪ್ಪನಿಗೆ ಅದು ಅರ್ಥವಾಗಲಿಲ್ಲ. ಅವಳು ದೋಣಿಯಂಚಿನಲ್ಲಿ ನೀರಿಗೆ ಬೆನ್ನು ಹಾಕಿ ಕುಳಿತು ಕಪ್ಪೆಗಾಲು ತೊಡುತ್ತ, ಸಿಲಿಂಡರಿನ ಗಾಳಿ, ಕೊಳವೆ, ಬಿಟ್ಟ ಉಸಿರು ಗುಳ್ಳೆಯಾಗಿ ಮೇಲೆ ಬರುವುದು, ಎಲ್ಲವನ್ನೂ ವಿವರಿಸಿದಳು. ಅವನು "ಊಂ, ಊಂ," ಎಂದು ತಲೆಯಾಡಿಸಿದ. ಪುಟ್ಟ ಮಗು ಹೇಳುವ ಕತೆಗೆ ಊಂಗುಟ್ಟುವಂತಿತ್ತು ಅದು. ಅವಳು ಕಪ್ಪೆಗಾಲಿನ ಪಟ್ಟಿಯನ್ನು ಬಿಚ್ಚಿ ಮತ್ತೆ ಬಿಗಿದಳು. ಇವತ್ತು ಆಗದಿದ್ದರೆ ಇದೇ ದೋಣಿಯಲ್ಲಿ, ಇಸ್ತ್ರಿ ಅಂಗಿಯ ಈ ಅಪ್ಪನ ಪಕ್ಕ ಕುಳಿತು, ಅವಳು ದಡಕ್ಕೆ ಮರಳಬೇಕು. ಅವನು ಏನೂ ಅನ್ನುವುದಿಲ್ಲ. ಸೀಬೆಹಣ್ಣಿನ ಖಾಲಿ ಚೀಲ ಮಡಿಸುತ್ತ ಕೂರುತ್ತಾನೆ.

"ಹೆದರಿಕೆ ಆಗ್ತಿದ್ಯಾ?" ಎಂದ ಅಪ್ಪ, ಬೇರೆ ಯಾರಿಗೂ ಕೇಳಿಸದ ಹಾಗೆ.

"ಅವ್ವನ ನೆನಪಾಯ್ತು," ಎಂದಳು. ಅದು ಸುಳ್ಳಾಗಿರಲಿಲ್ಲ.

ಅವ್ವನ ಕೆಲಸ ಕರೆಯುವುದು. ಅಪ್ಪ ಮುಳುಗಿ ಒಂದಿಷ್ಟು ಹೊತ್ತಾದ ಮೇಲೆ ಅವ್ವ ಬಾವಿಯೊಳಕ್ಕೆ ಬಾಗಿ, "ಏನ್ರೀ..." ಎಂದು ನೀಳವಾಗಿ ಕೂಗುತ್ತಿದ್ದಳು. ಗಂಡನ ಹೆಸರು ಹಿಡಿದು ಕರೆದವಳಲ್ಲ. ಆ ‘ಏನ್ರೀ’ ಬಾವಿಯ ಗೋಡೆಗಳಿಗೆ ತಾಗಿ, ಸುತ್ತಿ, ನೀರನ್ನು ಮುಟ್ಟುತ್ತಿತ್ತು. ಒಂದು ಕೂಗು, ಎರಡು ಕೂಗು. ಆಮೇಲೆ ನೀರು ಒಡೆದು ಅಪ್ಪನ ತಲೆ ಕಾಣುತ್ತಿತ್ತು. ತಲೆಗಿಂತ ಮುಂಚೆ ಕೇಳಿಸುತ್ತಿದ್ದುದು ಅವನ "ಓ...". ಬಾವಿ ತುಂಬ, ಕಟ್ಟೆಯ ಕಲ್ಲು ಅದುರುವ ಹಾಗೆ, "ಓ...". ಕಟ್ಟೆಯ ಸುತ್ತ ನಿಂತವರೆಲ್ಲ ಆಗ ಒಮ್ಮೆಲೇ ಮಾತಾಡಲು ಶುರುಮಾಡುತ್ತಿದ್ದರು.

"ಅವ್ವ ಕರೆದಿದ್ದು ನಿಂಗೆ ಅಷ್ಟು ಆಳದಲ್ಲಿ ಹೇಗೆ ಕೇಳಿಸ್ತಿತ್ತು ಅಪ್ಪಾ? ನಂಗೆ ಇಲ್ಲಿ ಎಂಜಿನ್ ಬಿಟ್ರೆ ಮೇಲಿಂದು ಏನೂ ಕೇಳಲ್ಲ."

ಅಪ್ಪ ಕತ್ತಿನ ಹಿಂದೆ ಕೆರೆದುಕೊಂಡ. ಏನೋ ಸಣ್ಣ ಕಳ್ಳತನ ಸಿಕ್ಕಿಬಿದ್ದವನ ಹಾಗೆ ನಕ್ಕ.

"ಕೇಳಿಸ್ತಿತ್ತು ಅಂತ ಯಾರಂದ್ರು? ಒಂದು ದಿನವೂ ಕೇಳಿಸಿಲ್ಲ."

"ಮತ್ತೆ? ಓ ಅಂತಿದ್ಯಲ್ಲ!"

"ಅಂತಿದ್ದೆ. ಮೇಲೆ ಬರುವಾಗ್ಲೇ ಗಂಟಲಲ್ಲಿ ಓ ಸಿದ್ಧ ಇಟ್ಕೊಂಡಿರ್ತಿದ್ದೆ." ಅವನು ನೀರಿನ ಕಡೆ ನೋಡುತ್ತಿದ್ದ. "ಕರೆದೇ ಕರೆದಿರ್ತಾಳೆ. ಕೇಳಿಸ್ಲಿಲ್ಲ ಅಂತ ಓಗೊಡದೆ ಇರೋಕಾಗುತ್ತಾ?"

ಅಷ್ಟರಲ್ಲಿ ನೀರಿಗಿಳಿದಿದ್ದ ದೊಡ್ಡಕ್ಕ ಕೆಳಗಿನಿಂದ ಕೈ ಬೀಸಿದಳು. ಮಗಳು ಕೊಳವೆ ಕಚ್ಚಿ, ಕಣ್ಣಿನ ಗಾಜನ್ನು ಅಂಗೈಯಿಂದ ಒತ್ತಿ ಹಿಡಿದು, ಹಿಂದಕ್ಕೆ ವಾಲಿ, ಸಮುದ್ರಕ್ಕೆ ಬಿದ್ದಳು. ಕೊನೆಗೆ ಕಂಡದ್ದು ಆಕಾಶದ ಮೇಲೆ ತಲೆಕೆಳಗಾದ ಅಪ್ಪನ ಮುಖ.

ಕೆಳಗೆ ಎಲ್ಲ ಎಂದಿನಂತೆಯೇ ಇತ್ತು. ಹಗ್ಗ ಹಿಡಿದು ಇಳಿಯುತ್ತ ಹೋದಂತೆ ಬಿಸಿಲು ತೆಳುವಾಯಿತು, ಕೆಂಪು ಬಣ್ಣ ಕಳೆದುಹೋಯಿತು, ಕಿವಿ ಒತ್ತಿ ಬಿಟ್ಟಿತು. ತಳದ ಮರಳಿನ ಮೇಲೆ ಮೊಣಕಾಲೂರಿ ಇಬ್ಬರೂ ಎದುರುಬದುರಾದರು. ಬಂಡೆಯ ಸಂದಿಯಿಂದ ಪಟ್ಟೆಪಟ್ಟೆಯ ಮೀನೊಂದು ಬಂದು ದೊಡ್ಡಕ್ಕನ ಬೆಳ್ಳಗಿನ ಜಡೆಯನ್ನು ಮೂಸಿ ಹೋಯಿತು. ದೊಡ್ಡಕ್ಕ ಬೆರಳಿನ ಉಂಗುರ ತೋರಿಸಿದಳು. ಅವಳೂ ತೋರಿಸಿದಳು. ದೊಡ್ಡಕ್ಕ ಒಂದು ಕೈಯಿಂದ ಅವಳ ಜಾಕೆಟ್ಟನ್ನೂ ಇನ್ನೊಂದರಿಂದ ಹಗ್ಗವನ್ನೂ ಹಿಡಿದು, ಹೆಬ್ಬೆರಳೆತ್ತಿದಳು.

ಅವಳು ಎದೆ ತುಂಬ ಉಸಿರೆಳೆದುಕೊಂಡು, ತೋಳೆತ್ತಿ, ಮರಳನ್ನು ಒದ್ದು ಹೊರಟಳು.

‘ಆ’ ಎಂದು ಶುರುಮಾಡಿದಳು. ದನಿ ತಲೆಬುರುಡೆಯೊಳಗೆ ಗುಂಯ್‌ಗುಟ್ಟಿತು. ಗುಳ್ಳೆಗಳು ಕಿವಿಯ ಪಕ್ಕದಿಂದ ಗುಳುಗುಳು ಎಂದು ಓಡಿದವು. ಬಾವಿಕಟ್ಟೆಯ ತಣ್ಣನೆಯ ಕಲ್ಲು ಹೊಟ್ಟೆಗೆ ತಾಗಿದಂತಾಯಿತು. ಆ ಕನ್ನಡಿಯಂಥ ನೀರು, ನಡುವೆ ಒಂದು ಗುಳ್ಳೆ, ಆಮೇಲೆ ಗೊಂಚಲು. ಗಂಟಲು ತಾನಾಗಿ ಮುಚ್ಚತೊಡಗಿತು. ದನಿ ಸಣ್ಣಗಾಯಿತು. ದೊಡ್ಡಕ್ಕನ ಹಿಡಿತ ಬಿಗಿಯಾದದ್ದು ಜಾಕೆಟ್ಟಿನ ಮೂಲಕ ಗೊತ್ತಾಯಿತು. ಇನ್ನೊಂದು ಗಳಿಗೆ, ಅವಳು ತಡೆದು ನಿಲ್ಲಿಸುತ್ತಾಳೆ. ಮುಗಿಯಿತು.

ಅವಳು ಮೇಲೆ ನೋಡಿದಳು. ತುಂಬ ಎತ್ತರದಲ್ಲಿ ಬೆಳಕಿನ ದುಂಡನೆಯ ತೇಪೆ, ಅದರ ಅಂಚಿನಲ್ಲಿ ದೋಣಿಯ ಕಪ್ಪು ತಳ. ಬಾವಿಯ ತಳದಿಂದ ನೋಡಿದರೆ ಬಾಯಿ ಹೀಗೆಯೇ ಕಾಣುತ್ತಿತ್ತು. ಅಲ್ಲಿ ಯಾರೋ ಬಾಗಿ ನಿಂತಿರುತ್ತಾರೆ. ಕರೆದೇ ಕರೆದಿರುತ್ತಾರೆ.

"ಓ..." ಎಂದಳು.

ಅದು ‘ಆ’ ದ ಹಾಗೆ ಬಾಯಿಂದ ಬರಲಿಲ್ಲ. ಹೊಕ್ಕುಳ ಬಳಿಯಿಂದ ಎದ್ದು ಬಂತು. ಕೊಳವೆ ಕಚ್ಚಿದ ಹಲ್ಲುಗಳು ಜುಮ್ಮೆಂದವು. ಮುಗಿಯಿತು ಎಂದುಕೊಂಡ ಉಸಿರು ಮೇಲೇರಿದಷ್ಟೂ ಎದೆಯೊಳಗೆ ಮತ್ತೆ ಮತ್ತೆ ತುಂಬಿಕೊಳ್ಳುತ್ತಿತ್ತು, ತೋಡಿದಷ್ಟೂ ಒಸರುವ ಸೆಲೆಯ ಹಾಗೆ. ಅವಳು ಓಗೊಡುತ್ತಲೇ ಹೋದಳು. ಗುಳ್ಳೆಗಳ ನಡುವೆ, ಗುಳ್ಳೆಗಳ ಜೊತೆಗೆ. ನೀರಿಗೆ ಬಣ್ಣ ಮರಳಿತು. ಬೆಳಕು ಒಡೆದು ತಲೆ ಹೊರಬಂದಾಗಲೂ ಅವಳು ಓ ಎನ್ನುತ್ತಲೇ ಇದ್ದಳು.

ಜಾಕೆಟ್ಟಿಗೆ ಬಾಯಿಯಿಂದ ಗಾಳಿ ಊದಿಕೊಂಡು ತೇಲುತ್ತ, ಕೆಮ್ಮುತ್ತ, ಅವಳು ದೊಡ್ಡಕ್ಕನ ಕಡೆ ತಿರುಗಿದಳು. ದೊಡ್ಡಕ್ಕ ಕಣ್ಣಿನ ಗಾಜನ್ನು ಕತ್ತಿಗಿಳಿಸಿ ಅವಳನ್ನೇ ನೋಡುತ್ತಿದ್ದಳು.

"ಆ ಅನ್ನು ಅಂದ್ರೆ ಓ ಅಂತೀಯಲ್ಲೇ."

"ತಪ್ಪಾಯ್ತಾ ದೊಡ್ಡಕ್ಕಾ?"

"ಅಕ್ಷರ ಯಾವ್ದಾದ್ರೇನು? ನಿಲ್ಲಲಿಲ್ವಲ್ಲ." ದೊಡ್ಡಕ್ಕ ನೀರಿನ ಮೇಲೆ ಕೈಯೆತ್ತಿ ಬೆರಳಿನ ಉಂಗುರ ಮಾಡಿ ದೋಣಿಗೆ ತೋರಿಸಿದಳು. ಆಮೇಲೆ ಅದೇ ಕೈಯಿಂದ ಅವಳ ತಲೆಗೆ ಒಂದು ಮೊಟಕಿದಳು. "ನಾಡಿದ್ದು ಮೂರನೇ ದೋಣಿಗೆ ನೀನು. ಕಪ್ಪೆಗಾಲು ಮರೀದೆ ತಾ."

ಏಣಿ ಹತ್ತಿ ಬಂದಾಗ ದೋಣಿಯ ಮೇಲಿನ ನೋಟ ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅಪ್ಪ ಬರಿಮೈಯಲ್ಲಿ ನಿಂತಿದ್ದ. ಇಸ್ತ್ರಿ ಅಂಗಿ ಹಲಗೆಯ ಮೇಲೆ ನೀಟಾಗಿ ಮಡಿಸಿಟ್ಟಿತ್ತು. ದೋಣಿಯಣ್ಣ ಹಿಂದಿನಿಂದ ಅವನ ಸೊಂಟವನ್ನು ಎರಡೂ ತೋಳಲ್ಲಿ ತಬ್ಬಿ ಹಿಡಿದಿದ್ದ.

"ನಿಮ್ಮಪ್ಪನ್ನ ನೀವೇ ಇಟ್ಕೊಳ್ಳಮ್ಮಾ," ಎಂದ ದೋಣಿಯಣ್ಣ ಏದುಸಿರು ಬಿಡುತ್ತ, ಹಿಡಿತ ಸಡಿಲಿಸಿ. "ಗುಳ್ಳೆ ಜೋರಾಗಿ ಎದ್ದಿದ್ದೇ ತಡ, ಅಂಗಿ ಕಳಚಿದ್ರು. ನಾನು ಹಿಡೀದಿದ್ರೆ ಹಾರೇಬಿಡ್ತಿದ್ರು. ಬರ್ತಿದೆ ಅಂದ್ರೆ ಚೆನ್ನಾಗಿದ್ದಾಳೆ ಅಂತ ಎಷ್ಟು ಸಲ ಹೇಳೋದು?"

"ಹಾರೋ ಅವಸರದಲ್ಲೂ ಮಡಿಸಿಟ್ರು ನೋಡಿ ಅಂಗೀನ!" ಎಂದ ಕಂಡಕ್ಟರ್.

ಅಪ್ಪ ಅವಳನ್ನು ನೋಡಿದ. ಬೆರಳಿಂದ ಅವಳ ಕೆನ್ನೆಯ ಮೇಲೆ ಕಣ್ಣಿನ ಗಾಜಿನ ಅಂಚು ಒತ್ತಿದ ಗೆರೆಯನ್ನು ಉಜ್ಜಿದ. ಆಮೇಲೆ ಕುಳಿತು, ಅಂಗಿ ಬಿಡಿಸಿ ತೊಟ್ಟುಕೊಳ್ಳತೊಡಗಿದ. ಗುಂಡಿಗಳು ಒಂದರ ಕಾಜಿಗೆ ಇನ್ನೊಂದು ಹೋದವು.

"ನೀನು ಕರೆದ್ಯಾ ಅಪ್ಪಾ?" ಎಂದಳು ಅವಳು, ಅವನ ಪಕ್ಕ ನೀರು ಸೋರುತ್ತ ಕುಳಿತು.

"ನಾನ್ಯಾಕೆ ಕರೀಲಿ? ಇಷ್ಟು ಜನರ ಮುಂದೆ?" ಎಂದ ಅಪ್ಪ. ಅವನ ದನಿ ಒಡೆದು ಬಿದ್ದುಹೋಗಿತ್ತು. ಮಾತು ಗಾಳಿಯಂತೆ ಬರುತ್ತಿತ್ತು. ಕಂಡಕ್ಟರ್ ಏನೋ ಹೇಳಲು ಬಾಯಿ ತೆರೆದ. ದೋಣಿಯಣ್ಣ ಅವನ ಕೈಗೆ ಕೊಳವೆ ತುರುಕಿ, "ಹೋಗಯ್ಯಾ, ನಿನ್ನ ಸರದಿ," ಎಂದ.

ಕಂಡಕ್ಟರ್ ನೀರಿಗೆ ಬಿದ್ದ. ದೊಡ್ಡಕ್ಕನ ತಲೆಯೂ ಅವನ ತಲೆಯೂ ಹಗ್ಗದ ಪಕ್ಕದಲ್ಲಿ ಮುಳುಗಿದವು. ದೋಣಿ ಮೆಲ್ಲಗೆ ತೂಗಾಡಿತು. ದೋಣಿಯಣ್ಣ ಸೀಬೆಹಣ್ಣು ಕಚ್ಚಿದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಅಪ್ಪ ಎದ್ದು, ಅಂಚಿನ ಅಗಲ ಹಲಗೆಯ ಮೇಲೆ ಬೋರಲು ಮಲಗಿದ. ಅಂಗೈಗಳ ಮೇಲೆ ಗದ್ದವೂರಿದ. ಹಿಂದಕ್ಕೆ ಚಾಚಿದ ಕಾಲಿನ ಪಾದದಲ್ಲಿ ಹಳೆಯ ಗಾಯದ ಕಲೆ ಬಿಸಿಲಿಗೆ ಬೆಳ್ಳಗೆ ಹೊಳೆಯಿತು. ಅವನು ರೆಪ್ಪೆ ಬಡಿಯದೆ ನೀರನ್ನು ನೋಡುತ್ತಿದ್ದ. ಗುಳ್ಳೆಗಳು ಬಂದವು, ಬಂದು ಒಡೆದವು, ಮತ್ತೆ ಬಂದವು.